ಬೀದಿಯ ನೀರು ಎತ್ತ ಹರಿಯುತ್ತದೆ?

ಶನಿವಾರ ಬೆಳಿಗ್ಗೆ ಮೋಡ ಕವಿದರೆ ಸಾಕು, ಬೆಂಗಳೂರಿನ ಕಾರುಗಳು ಊರು ಬಿಡುತ್ತವೆ. ನೆಲಮಂಗಲ ದಾಟುವಷ್ಟರಲ್ಲಿ ಹೊರಟಾಗಿನ ಹುರುಪು ಅರ್ಧ ಇಳಿದಿರುತ್ತದೆ. ಮುಳ್ಳಯ್ಯನಗಿರಿಯ ದಾರಿಯಲ್ಲಿ ದಟ್ಟಣೆ ಎಷ್ಟಾಯಿತೆಂದರೆ, ದಿನಕ್ಕೆ ಇಷ್ಟೇ ವಾಹನ ಎಂದು ಜಿಲ್ಲಾಡಳಿತವೇ ಮಿತಿ ಹಾಕಬೇಕಾಯಿತು. ಮಂಜು ನೋಡಲು ಹೋದವರು ಮುಂದಿನ ಕಾರಿನ ಕೆಂಪು ದೀಪ ನೋಡಿಕೊಂಡು ಬರುತ್ತಾರೆ. ಅಷ್ಟರಲ್ಲಿ ಅವರ ಮನೆ ಮುಂದೆಯೂ ಒಂದು ಮಳೆ ಬಂದು ಹೋಗಿರುತ್ತದೆ.

ಮಳೆಗಾಲದಲ್ಲಿ ಸುತ್ತಾಡಲು ಸ್ವಂತ ಬಡಾವಣೆಗಿಂತ ಒಳ್ಳೆಯ ಜಾಗ ಬೇಕಿಲ್ಲ. ಬಿಸಿಲಿನಲ್ಲಿ ಎಲ್ಲ ಬೀದಿಗಳೂ ಒಂದೇ ಸಮ ಕಾಣುತ್ತವೆ. ಏರು ಎಲ್ಲಿ, ತಗ್ಗು ಎಲ್ಲಿ ಎಂದು ತೋರಿಸಿಕೊಡುವುದು ಹರಿಯುವ ನೀರು.

ಬಸವನಗುಡಿಯನ್ನೇ ನೋಡಿ. ದೊಡ್ಡ ಬಸವಣ್ಣನ ಗುಡ್ಡದ ಪಶ್ಚಿಮಕ್ಕೆ ಬಿದ್ದ ಹನಿ ತಗ್ಗಿಗೆ ಜಾರಿ ವೃಷಭಾವತಿ ಸೇರುತ್ತದೆ. ಆ ಹೊಳೆಯ ಹೆಸರಿನಲ್ಲೇ ಬಸವನಿದ್ದಾನೆ. ಅದು ಹುಟ್ಟುವುದು ಈ ಬಸವಣ್ಣನ ಪಾದದಲ್ಲಿ ಎಂಬ ನಂಬಿಕೆ ಇಂದಿಗೂ ಇದೆ. ಅಲ್ಲಿಂದ ಅರ್ಕಾವತಿ, ಮುಂದೆ ಸಂಗಮದಲ್ಲಿ ಕಾವೇರಿ. ಗುಡಿಯಿಂದ ಗಾಂಧಿ ಬಜಾರ್ ಹಾದು ಲಾಲ್‌ಬಾಗ್‌ಗೆ ಅರ್ಧ ಗಂಟೆಯ ನಡಿಗೆ. ಆದರೆ ಲಾಲ್‌ಬಾಗ್ ಕೆರೆ ಕೋಡಿ ಬಿದ್ದರೆ ಆ ನೀರು ಹಿಡಿಯುವ ದಾರಿಯೇ ಬೇರೆ: ಕೋರಮಂಗಲ ಕಣಿವೆ, ಬೆಳ್ಳಂದೂರು ಕೆರೆ, ವರ್ತೂರು ಕೆರೆ, ದಕ್ಷಿಣ ಪಿನಾಕಿನಿ. ಒಂದು ನೀರು ಪೂಂಪುಹಾರ್ ಬಳಿ ಸಮುದ್ರ ಸೇರಿದರೆ ಇನ್ನೊಂದು ಕಡಲೂರಿನ ಹತ್ತಿರ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಬೆಂಗಳೂರು ಕೂತಿದೆ. ನೀರು ಇಬ್ಭಾಗವಾಗುವ ಅದರ ನೆತ್ತಿ ಈ ಅರ್ಧ ಗಂಟೆಯ ದಾರಿಯಲ್ಲೇ ಎಲ್ಲೋ ಇದೆ. ಅದನ್ನು ಹುಡುಕಲು ನಕ್ಷೆ ಬೇಡ, ಛತ್ರಿ ಸಾಕು.

ಅದೇ ದಾರಿಯಲ್ಲಿ ಗಾಂಧಿ ಬಜಾರಿನ ಹೂವಿನವರು ಮೊದಲ ಹನಿಗೇ ಸೇವಂತಿಗೆ ಮಾಲೆಗಳ ಮೇಲೆ ನೀಲಿ ಟಾರ್ಪಾಲು ಎಳೆಯುತ್ತಾರೆ. ಸ್ವಲ್ಪ ಹೊತ್ತಿಗೆ ಟಾರ್ಪಾಲಿನ ನಡುವೆ ನೀರು ತುಂಬಿ ಹೊಟ್ಟೆ ಬಿಡುತ್ತದೆ. ಅಂಗಡಿಯ ಹುಡುಗ ಪೊರಕೆಯ ಹಿಡಿಯಿಂದ ಕೆಳಗಿನಿಂದ ಮೆಲ್ಲಗೆ ತಿವಿದರೆ ಅಷ್ಟೂ ನೀರು ದಬಕ್ಕನೆ ರಸ್ತೆಗೆ. ಪಕ್ಕದಲ್ಲಿ ನಿಂತಿದ್ದವರು ಒಂದು ಹೆಜ್ಜೆ ಹಾರಿ, ಬೈಯ್ಯಲು ಬಾಯಿ ತೆರೆದು, ನಕ್ಕುಬಿಡುತ್ತಾರೆ. 1943ರಿಂದ ನಡೆಯುತ್ತಿರುವ ವಿದ್ಯಾರ್ಥಿ ಭವನದ ಮುಂದೆ ದೋಸೆಗೆ ಸರದಿ ನಿಂತವರ ಛತ್ರಿಗಳು ಒಂದಕ್ಕೊಂದು ತಾಗುತ್ತಿರುತ್ತವೆ.

ಮರಗಳ ಕಡೆಗೂ ಕಣ್ಣು ಹಾಯಿಸಬೇಕು. ಮಳೆಮರದ ಎಲೆಗಳು ಮೋಡ ಮುಸುಕಿದಾಗ ಕೈಮುಗಿದಂತೆ ಮಡಚಿಕೊಳ್ಳುತ್ತವೆ. ನೀರುಕಾಯಿ ಮರದ ಮೊಗ್ಗು ಕೆಳಗೆ ಬಿದ್ದಿದ್ದರೆ ಮಕ್ಕಳಿಗೆ ಪಿಚಕಾರಿ ಸಿಕ್ಕಂತೆ. ಕತ್ತಲಾದ ಮೇಲೆ ಖಾಲಿ ಸೈಟಿನ ಕಡೆಯಿಂದ ವಟಗುಟ್ಟುವ ಸದ್ದು ಬಂದರೆ ಕಿಟಕಿ ಮುಚ್ಚುವ ಮುನ್ನ ಒಂದು ನಿಮಿಷ ಕೇಳಬಹುದು. 2020ರಲ್ಲಿ ವಿಜ್ಞಾನಿಗಳು ನಗರದ ಹೊರವಲಯದ ರಾಜಾನುಕುಂಟೆ ಕಡೆ ಸಿಕ್ಕ ಬಿಲಕಪ್ಪೆಯೊಂದನ್ನು ಹೊಸ ಪ್ರಭೇದವೆಂದು ಗುರುತಿಸಿ ‘ಸ್ಫೇರೋಥೀಕಾ ಬೆಂಗಳೂರು’ ಎಂದು ಹೆಸರಿಟ್ಟರು. ಊರಿನ ಹೆಸರು ಹೊತ್ತ ಜೀವ ಊರಂಚಿನಲ್ಲೇ ಇತ್ತು, ಗಮನಿಸಿದವರಿರಲಿಲ್ಲ.

ಮನೆಯೊಳಗೆ ಮೊಣಕಾಲುದ್ದ ನೀರು ನುಗ್ಗಿದವರಿಗೆ ಇದೆಲ್ಲ ಹೊಟ್ಟೆ ತುಂಬಿದವರ ಮಾತು ಎನಿಸಬಹುದು. ಆ ಸಿಟ್ಟು ನ್ಯಾಯವಾದದ್ದೇ. 2023ರ ಮೇ ತಿಂಗಳಲ್ಲಿ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಕಾರು ಮುಳುಗಿ ಯುವತಿಯೊಬ್ಬರು ಜೀವ ಕಳೆದುಕೊಂಡದ್ದನ್ನು ನಗರ ಮರೆತಿಲ್ಲ. ಗುಡುಗು ಸಿಡಿಲಿನಲ್ಲಿ, ನೀರು ನಿಂತ ರಸ್ತೆಯಲ್ಲಿ, ವಿದ್ಯುತ್ ಕಂಬಗಳ ಬಳಿ ಯಾರೂ ಸುಳಿಯಬಾರದು. ಇಲ್ಲಿ ಹೇಳುತ್ತಿರುವುದು ಜಡಿಮಳೆಯ ಮಾತಲ್ಲ. ತುಂತುರಿನ, ಹೊಯ್ದು ನಿಂತ ಮಳೆಯ ಮಾತು.

ಆ ಹೊತ್ತಿನಲ್ಲಿ ನಡೆದವರ ಕಣ್ಣಿಗೆ ಮಾತ್ರ ಬೀಳುವ ಸಂಗತಿಗಳಿವೆ. ಯಾವ ಚರಂಡಿಯ ಬಾಯಿಗೆ ತರಗೆಲೆ, ಹಾಲಿನ ಕವರು ಸಿಕ್ಕಿಕೊಂಡಿದೆ, ಯಾವ ಮನೆಯ ಇಳಿಜಾರು ರ‍್ಯಾಂಪು ಮೋರಿಯನ್ನೇ ನುಂಗಿದೆ, ರಾಜಕಾಲುವೆ ಎಲ್ಲಿ ಕಿರಿದಾಗಿದೆ ಎಂಬುದು ಬಿಸಿಲಿನಲ್ಲಿ ಗೊತ್ತಾಗುವುದಿಲ್ಲ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ, ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯ ಜಾಗದಲ್ಲಿ. ಕೆರೆ ಹೋದರೂ ತಗ್ಗು ಹೋಗಿಲ್ಲ, ನೀರು ಹಳೆಯ ವಿಳಾಸ ಬಿಟ್ಟಿಲ್ಲ.

ಲೆಕ್ಕವೂ ಕುತೂಹಲದ್ದು. 24 ಗಂಟೆಯಲ್ಲಿ 2.5 ಮಿಲಿಮೀಟರ್ ಬಿದ್ದರೆ ಹವಾಮಾನ ಇಲಾಖೆ ಅದನ್ನು ಮಳೆಯ ದಿನವೆಂದು ಎಣಿಸುತ್ತದೆ. ಅಷ್ಟಕ್ಕೇ 30x40 ಅಡಿಯ ಸೈಟಿನ ಮೇಲೆ ಸುಮಾರು 280 ಲೀಟರ್ ನೀರು ಬಿದ್ದಿರುತ್ತದೆ. ನಗರದ ವರ್ಷದ ಸರಾಸರಿ ಮಳೆ 970 ಮಿಲಿಮೀಟರ್ ಆಸುಪಾಸು. ಅದೇ ಸೈಟಿಗೆ ಲಕ್ಷ ಲೀಟರ್ ಮೀರುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾಯುವ ಬೀದಿಗಳಲ್ಲಿ ಈ ಲೆಕ್ಕ ಹಾಕಿದವರು ಎಷ್ಟು ಮಂದಿ?

ಸೆಪ್ಟೆಂಬರ್ ಬೆಂಗಳೂರಿನಲ್ಲಿ ಹೆಚ್ಚು ಮಳೆ ಸುರಿಯುವ ತಿಂಗಳು. ಉತ್ತರೆ ಮಳೆ ಹೊಯ್ದು ನಿಂತ ಹತ್ತು ನಿಮಿಷಕ್ಕೆ, ಹಳೆಯ ಚಪ್ಪಲಿ ಮೆಟ್ಟಿ, ಮಕ್ಕಳಿದ್ದರೆ ಕಾಗದದ ದೋಣಿಯೊಂದಿಗೆ ಅವರನ್ನೂ ಕರೆದುಕೊಂಡು ಗೇಟು ದಾಟಿ ಬನ್ನಿ. ದೋಣಿ ಹೋದಷ್ಟು ದೂರ ಹಿಂದೆಯೇ ಹೋಗಿ. ಅದು ಸಿಕ್ಕಿಕೊಂಡು ನಿಂತ ಜಾಗದ ಫೋಟೊ ತೆಗೆದು, ಹಸ್ತ ಮಳೆ ಹಿಡಿಯುವ ಮೊದಲು ವಾರ್ಡ್ ಕಚೇರಿಗೆ ಮುಟ್ಟಿಸಿ.