ಮೊದಲ ಜಾಲಪುಟ ಕೈಯಿಂದ ಬರೆದದ್ದಾಗಿರಲಿ

ಅಕ್ಕಲಕೋಟ ತಾಲೂಕಿನ ಹಳ್ಳಿಯೊಂದರಿಂದ ಬರುವ ಐಚ್ಛಿಕ ಕನ್ನಡದ ವಿದ್ಯಾರ್ಥಿನಿಯೊಬ್ಬಳು ತನ್ನ ಆಯಿ ಹಾಡುತ್ತಿದ್ದ ಬೀಸುವ ಕಲ್ಲಿನ ಪದಗಳನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಂಡಿದ್ದಳು. ದಿನಕ್ಕೊಂದನ್ನು ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ಹಾಕುತ್ತಿದ್ದಳು. ಸ್ಟೇಟಸ್ಸಿನ ಆಯುಷ್ಯ 24 ತಾಸು. ಮಳೆಯಲ್ಲಿ ನೆನೆದ ಮೊಬೈಲು ಮತ್ತೆ ತೆರೆಯಲಿಲ್ಲ. ಎರಡನೆಯ ಸಲ ಕೇಳಲು ಕುಳಿತಾಗ ಆಯಿಗೆ ಅರ್ಧದಷ್ಟು ಪದಗಳು ನೆನಪಾಗಲಿಲ್ಲ. ದಕ್ಕಿದ್ದು 19 ತ್ರಿಪದಿಗಳು. ಅವುಗಳನ್ನು ಇನ್ನು ಎಲ್ಲಿಡಬೇಕು?

ತನ್ನದೇ ಒಂದು ಜಾಲತಾಣದಲ್ಲಿ ಇಡಬೇಕು. ಅದರ ಮೊದಲ ಪುಟವನ್ನಾದರೂ ಅವಳು ಸ್ವತಃ, ಒಂದೊಂದು ಗುರುತನ್ನೂ ಬೆರಳಚ್ಚಿಸಿ ಬರೆಯಬೇಕು. ಸಿದ್ಧ ಅಚ್ಚುಗಳು ಬೇಕಾದಷ್ಟಿವೆ, ಒಂದು ತಾಸಿನಲ್ಲಿ ಅಂದವಾದ ತಾಣ ಸಿದ್ಧವಾಗುತ್ತದೆ ಎಂಬುದು ನಿಜ. ಆದರೆ ಅಲ್ಲಿ ಬರೆದದ್ದು ಅನೇಕ ವೇಳೆ ಆ ಸೇವೆಯ ಚೌಕಟ್ಟಿನಲ್ಲಿಯೇ ಉಳಿಯುತ್ತದೆ. ಹೊರಗೆ ಒಯ್ಯಲು ಹೊರಟಾಗ ತೊಡಕು ತಿಳಿಯುತ್ತದೆ. ಕೈಯಿಂದ ಬರೆದ ಪುಟ ಒಂದು ಸಾದಾ ಕಡತ. ಪೆನ್‌ಡ್ರೈವಿನಲ್ಲಿ ಇಟ್ಟರೂ ಅದೇ, ಜಾಲಕ್ಕೆ ಏರಿಸಿದರೂ ಅದೇ.

ಜಾಲದ ಮೂಲರೂಪವೂ ಇಷ್ಟೇ ಸರಳವಾಗಿತ್ತು. 1991ರ ಆಗಸ್ಟ್ 6ರಂದು ಟಿಮ್ ಬರ್ನರ್ಸ್-ಲೀ ಅವರು ಸರ್ನ್ ಸಂಸ್ಥೆಯಿಂದ ಲೋಕಕ್ಕೆ ಪರಿಚಯಿಸಿದ ಮೊದಲ ತಾಣದಲ್ಲಿ ಇದ್ದುದು ಬರಹ ಮತ್ತು ಕೊಂಡಿಗಳು ಮಾತ್ರ. ಅದೇ ವರ್ಷ ಹೊರಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿ ಕನ್ನಡ ಲಿಪಿಗೂ ಸ್ಥಾನ ದೊರೆತಿತ್ತು. ಕನ್ನಡವು ಈ ಮನೆಗೆ ತಡವಾಗಿ ಬಂದ ಅತಿಥಿಯಲ್ಲ.

ಇದು ಗಣಕವಿಜ್ಞಾನದವರ ಕೆಲಸ, ಸಾಹಿತ್ಯದವರಿಗೇಕೆ ಎಂಬ ಆಕ್ಷೇಪ ಬರುವುದುಂಟು. ನೋಟ್‌ಪ್ಯಾಡಿನಂಥ ಸಾದಾ ಬರಹದ ತಂತ್ರಾಂಶವನ್ನು ತೆರೆದು ಮೊದಲ ತ್ರಿಪದಿಯನ್ನು ಬರೆದು ನೋಡಿದವರು ಹಾಗೆ ಹೇಳಲಾರರು. ಎಚ್‌ಟಿಎಂಎಲ್ ಎಂದರೆ ಬರಹದ ಯಾವ ಭಾಗ ಏನು ಎಂದು ಗುರುತಿಸುವ ಕ್ರಮ: ಇದು ತಲೆಬರಹ, ಇದು ಪರಿಚ್ಛೇದ, ಇದು ಕೊಂಡಿ. ಬಾಣದ ಮೊನೆಯಂಥ ಎರಡು ಆವರಣಗಳ ನಡುವೆ ಒಂದೆರಡು ರೋಮನ್ ಅಕ್ಷರಗಳನ್ನಿಟ್ಟರೆ ಒಂದು ಗುರುತಾಯಿತು. ಆರಂಭಕ್ಕೆ ಇಂಥ ಹತ್ತು ಗುರುತುಗಳು ಸಾಕು. ಕಡತಕ್ಕೆ ‘ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್’ ಎಂದು ಹೆಸರಿಟ್ಟು ಉಳಿಸಿ ಬ್ರೌಸರಿನಲ್ಲಿ ತೆರೆದರೆ ಪುಟ ಕಾಣುತ್ತದೆ. ಅಷ್ಟಕ್ಕೆ ಅಂತರ್ಜಾಲವೂ ಬೇಡ. ಆದರೆ ಮೂರು ಸಾಲುಗಳ ತ್ರಿಪದಿ ಒಂದೇ ಸಾಲಿನ ಗದ್ಯವಾಗಿ ಮಲಗಿರುತ್ತದೆ! ಕೀಲಿಮಣೆಯಲ್ಲಿ ಎಂಟರ್ ಒತ್ತಿದ್ದನ್ನು ಬ್ರೌಸರು ಸಾಲು ಮುರಿಯುವ ಸೂಚನೆಯೆಂದು ತಿಳಿಯುವುದಿಲ್ಲ. ‘ಬಿಆರ್’ ಎಂಬ ಗುರುತನ್ನು ಬರೆಯುವವರೇ ಇಡಬೇಕು.

ಎಲ್ಲಿ ಇಡಬೇಕು? ಇಲ್ಲಿಂದ ಪ್ರಶ್ನೆ ಯಂತ್ರದ್ದಲ್ಲ, ಛಂದಸ್ಸಿನದು. ಆಯಿ ಹಾಡುವಾಗ ಎರಡನೆಯ ಸಾಲಿನ ಭಾಗ ಮರುಕಳಿಸಿ, ಪದ ನಾಲ್ಕು ಸಾಲಿನಂತೆ ಕೇಳಿಸುತ್ತದೆ. ಪುಟದಲ್ಲಿ ಕಾಣಬೇಕಾದದ್ದು ಶಾಸ್ತ್ರದ ಮೂರು ಸಾಲೋ, ಕಂಠದ ನಾಲ್ಕು ಸಾಲೋ? ಆಯಿ ಒಂದು ಪದವನ್ನು ಎರಡು ಬಗೆಯಾಗಿ ಹೇಳಿದ್ದರೆ ಯಾವುದು ಮೂಲಪಾಠ, ಯಾವುದು ಪಾಠಾಂತರ? ಗ್ರಂಥಸಂಪಾದನೆಯ ಪತ್ರಿಕೆಯಲ್ಲಿ ಹತ್ತು ಅಂಕಗಳಿಗೆ ಉತ್ತರ ಬರೆದು ಮರೆತ ಪ್ರಶ್ನೆಗಳಿವು. ಸಿದ್ಧ ಅಚ್ಚು ಇವನ್ನು ಕೇಳುವುದಿಲ್ಲ. ಖಾಲಿ ಕಡತ ಕೇಳುತ್ತದೆ.

ಕನ್ನಡ ಎಡವುವ ಕೆಲವು ಜಾಗಗಳನ್ನೂ ಹೇಳಬೇಕು. ಪುಟದ ಆರಂಭದಲ್ಲಿ ಯುಟಿಎಫ್-8 ಎಂದು ಘೋಷಿಸದಿದ್ದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳ ರಾಶಿ ಕಾಣಬಹುದು. ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಬೆರಳಚ್ಚಿಸಿದ ಬರಹವನ್ನು ಪರಿವರ್ತಿಸದೆ ಅಂಟಿಸಿದರೂ ಅದೇ ಗತಿ. ಪರಿವರ್ತಿಸಿದ ಮೇಲೂ ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಕಣ್ಣಿಟ್ಟು ತಿದ್ದಬೇಕು. ಒತ್ತುಗಳು ಕೆಳಗಿಳಿಯುವುದರಿಂದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಅಂತರ ಬೇಕು. ಬರಹದ ಚಿತ್ರ ತೆಗೆದು ಹಾಕಿದರೆ ಈ ಕಷ್ಟವಿಲ್ಲ ಎಂಬ ಉಪಾಯ ಮಾತ್ರ ಬೇಡ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟು. 5,000 ಸಂಕೇತಗಳ ಪ್ರಬಂಧ 15 ಕಿಲೋಬೈಟಿನಷ್ಟೇ. ಅದರ ಛಾಯಾಚಿತ್ರ ಇದರ ನೂರು ಪಟ್ಟು ತೂಗಬಹುದು. ಕುರುಡರಿಗೆ ಓದಿ ಹೇಳುವ ತಂತ್ರಾಂಶ ಬರಹವನ್ನು ಓದುವಂತೆ ಚಿತ್ರವನ್ನು ಓದಲಾರದು.

ಸೋಲಾಪುರ ಸೀಮೆಯವರಿಗೆ ಇನ್ನೂ ಒಂದು ಹೊಣೆ ಇದೆ. ಇಲ್ಲಿ ‘ಆಯಿ’ ಎಂದರೆ ಕನ್ನಡದ ಮನೆಯಲ್ಲಿ ಅಜ್ಜಿ, ಮರಾಠಿಯ ಮನೆಯಲ್ಲಿ ತಾಯಿ. ಯಾವ ಭಾಗ ಯಾವ ಭಾಷೆಯದು ಎಂದು ತಿಳಿಸಲು ಎಚ್‌ಟಿಎಂಎಲ್‌ನಲ್ಲಿ ‘ಲ್ಯಾಂಗ್’ ಎಂಬ ಸೂಚನೆಯಿದೆ: ಕನ್ನಡಕ್ಕೆ ‘ಕೆಎನ್’, ಮರಾಠಿಗೆ ‘ಎಂಆರ್’. ಇದು ಬರಿಯ ಶಿಷ್ಟಾಚಾರವಲ್ಲ. ಮರಾಠಿಯ ಲಕಾರ, ಶಕಾರಗಳ ರೂಪ ಹಿಂದಿಯದಕ್ಕಿಂತ ಬೇರೆ. ಈ ಸೂಚನೆಯಿದ್ದರೆ ಕೆಲವು ದೇವನಾಗರಿ ಫಾಂಟುಗಳು ಮರಾಠಿಯ ರೂಪವನ್ನೇ ತೋರಿಸುತ್ತವೆ. ಒಂದೇ ಪುಟದಲ್ಲಿ ಎರಡು ಭಾಷೆ ಇದ್ದರೆ ಕನ್ನಡಕ್ಕೆ ಕುಂದು ಎಂದು ತಿಳಿಯುವವರು ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ ಕನ್ನಡ, ತಮಿಳು, ಮರಾಠಿ ಶಾಸನಗಳು ಒಟ್ಟಿಗೆ ಇರುವುದನ್ನು ನೆನೆಯಬೇಕು. ಸೋಲಾಪುರದ ಜಯದೇವಿತಾಯಿ ಲಿಗಾಡೆಯವರು ಎರಡೂ ಭಾಷೆಗಳಲ್ಲಿ ಬರೆದವರು. 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಲು ಅವರ ಮರಾಠಿ ಅಡ್ಡಬರಲಿಲ್ಲ.

ಜಾಲಕ್ಕೆ ಏರಿಸಲು ಹಣವೂ ಬೇಕಿಲ್ಲ. ಗಿಟ್‌ಹಬ್ ಪೇಜಸ್‌ನಂಥ ಸೇವೆಗಳಲ್ಲಿ ಇಂಥ ಪುಟಗಳನ್ನು ಉಚಿತವಾಗಿ ಇಡಬಹುದು. ಸ್ವಂತ ಹೆಸರಿನ ವಿಳಾಸ ಬೇಕೆಂದರೆ ಮಾತ್ರ ವರ್ಷಕ್ಕಿಷ್ಟೆಂದು ಕಟ್ಟಬೇಕು. ಅದು ನೌಕರಿ ಸಿಕ್ಕ ಮೇಲಾಗಲಿ. ಫೋನ್ ಸಂಖ್ಯೆ, ಮನೆಯ ವಿಳಾಸ, ಅಂಕಪಟ್ಟಿಗಳನ್ನು ಅಲ್ಲಿ ಹಾಕಬಾರದು. ಹಾಡಿದವರನ್ನು ಕೇಳದೆ ಅವರ ಹೆಸರನ್ನಾಗಲಿ ಹಾಡನ್ನಾಗಲಿ ಹಾಕುವುದೂ ಸಲ್ಲದು. ವಿಭಾಗಗಳು ಸಹ ಇಂಥ ಪುಟವನ್ನು ಕಿರುಪ್ರಬಂಧದ ಬದಲಾಗಿ ಒಪ್ಪಿಕೊಳ್ಳಬೇಕು. ಬೈಂಡು ಹಾಕಿಸಿದ ಪ್ರತಿಗಳು ಕಪಾಟಿನಲ್ಲಿ ಧೂಳು ತಿನ್ನುತ್ತಿರುವುದನ್ನು ನೋಡಿಯೂ ಇನ್ನೊಂದು ಪ್ರತಿ ಕೇಳುವುದು ಹಟವಷ್ಟೇ.

ಆ ವಿದ್ಯಾರ್ಥಿನಿಯ ಪುಟದಲ್ಲಿ ಈಗ 19 ತ್ರಿಪದಿಗಳಿವೆ, ಮೂರು ಸಾಲುಗಳಾಗಿ. ಬಣ್ಣವಿಲ್ಲ, ಚಿತ್ರವಿಲ್ಲ. ಪುಣೆಯಲ್ಲಿ ಬೆಳೆದ ಅವಳ ಕಾಕಾನ ಮಗನಿಗೆ ಮನೆಮಾತು ತಿಳಿಯುತ್ತದೆ, ಕನ್ನಡ ಲಿಪಿ ಬಾರದು. ಅವನಿಗಾಗಿ ಪ್ರತಿ ಪದದ ಕೆಳಗೆ ದೇವನಾಗರಿಯಲ್ಲಿ ಅದೇ ಪದವನ್ನೂ ಮರಾಠಿಯಲ್ಲಿ ಅರ್ಥವನ್ನೂ ಸೇರಿಸುತ್ತಿದ್ದಾಳೆ. ಆರು ಪದಗಳಿಗೆ ಮುಗಿದಿದೆ. ಏಳನೆಯದರಲ್ಲಿ ಒಂದು ಶಬ್ದದ ಅರ್ಥ ಆಯಿಯನ್ನೇ ಕೇಳಬೇಕಾಗಿದೆ.