ಹುಲ್ಲುಹಾಸಿನ ಅಡಿಯ ಮಣ್ಣಿಗೂ ಒಂದು ನಿಯಮ ಬೇಕು

2024ರ ಮಾರ್ಚ್ ತಿಂಗಳಲ್ಲಿ ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯು ಕುಡಿಯುವ ನೀರನ್ನು ಕೈದೋಟಕ್ಕೆ, ವಾಹನ ತೊಳೆಯಲು ಮತ್ತು ಕಟ್ಟಡ ನಿರ್ಮಾಣಕ್ಕೆ ಬಳಸಬಾರದೆಂದು ಆಜ್ಞೆ ಹೊರಡಿಸಿತು. ತಪ್ಪಿದವರಿಗೆ 5,000 ರೂಪಾಯಿ ದಂಡ. 2025ರ ಫೆಬ್ರವರಿಯಲ್ಲಿಯೂ ಇಂತಹುದೇ ಆಜ್ಞೆ ಬಂದಿತು. ನಲ್ಲಿಯ ಬಾಯಿಯನ್ನು ಕಾಯಲು ಹೀಗೆ ಕಾನೂನಿದೆ. ಆದರೆ ಆ ನೀರು ಬೀಳುವ ನೆಲ ಎಂತಹುದು, ಹುಲ್ಲಿನ ಅಡಿಯಲ್ಲಿ ಎಷ್ಟು ಆಳದ ಮಣ್ಣಿದೆ ಎಂಬುದನ್ನು ಕಾರ್ಖಾನೆಯ ನಕ್ಷೆಗೆ ಮಂಜೂರಾತಿ ನೀಡುವಾಗ ಕೇಳುವವರಿಲ್ಲ.

ನಮ್ಮ ಕೈಗಾರಿಕಾ ವಸಾಹತುಗಳಲ್ಲಿ ಹುಲ್ಲುಹಾಸು ಸಿದ್ಧವಾಗುವ ಬಗೆ ಎಲ್ಲರಿಗೂ ತಿಳಿದದ್ದೇ. ಮೊದಲ ದಿನವೇ ಜೆಸಿಬಿ ಬಂದು ನೆಲವನ್ನು ಹೆರೆಯುತ್ತದೆ. ಫಲವತ್ತಾದ ಮೇಲ್ಮಣ್ಣು ಲಾರಿಯೇರಿ ಹೊರಟುಹೋಗುತ್ತದೆ. ಉಳಿದ ಗಟ್ಟಿನೆಲದ ಮೇಲೆ ವರ್ಷಗಟ್ಟಲೆ ಸಿಮೆಂಟು, ಜಲ್ಲಿಯ ವಾಹನಗಳು ಓಡಾಡಿ ಅದು ಕಲ್ಲಿನಂತಾಗುತ್ತದೆ. ಉದ್ಘಾಟನೆಗೆ ಹದಿನೈದು ದಿನಗಳಿರುವಾಗ ಗುತ್ತಿಗೆದಾರನು ಎರಡು ಅಂಗುಲ ಕೆಂಪುಮಣ್ಣು ಹರಡಿ, ಸ್ವಲ್ಪ ಗೊಬ್ಬರ ಚೆಲ್ಲಿ, ಹುಲ್ಲಿನ ಹೆಪ್ಪುಗಳನ್ನು ಜೋಡಿಸುತ್ತಾನೆ. ಉದ್ಘಾಟನೆಯ ಛಾಯಾಚಿತ್ರಗಳಲ್ಲಿ ಅದು ಬಹಳ ಚೆನ್ನಾಗಿ ಕಾಣುತ್ತದೆಂಬುದನ್ನು ಒಪ್ಪಲೇಬೇಕು.

ಇದರ ಲೆಕ್ಕ ಸರಳವಾದುದು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ನೀರೆಂದರೆ ಒಂದು ಲೀಟರ್. ಬೇಸಿಗೆಯಲ್ಲಿ ಹುಲ್ಲುಹಾಸು ದಿನಕ್ಕೆ ಸುಮಾರು 5 ಮಿಲಿಮೀಟರ್ ನೀರು ಬೇಡುತ್ತದೆ. 600 ಚದರ ಮೀಟರಿಗೆ ದಿನವೊಂದಕ್ಕೆ 3,000 ಲೀಟರ್ ಆಯಿತು. ಕೆಂಪು ಗೋಡುಮಣ್ಣು ಒಂದು ಸೆಂಟಿಮೀಟರ್ ಆಳಕ್ಕೆ ಬೇರಿಗೆ ಸಿಗುವಂತಹ ನೀರನ್ನು ಹಿಡಿದಿಡುವುದು ಸುಮಾರು ಒಂದರಿಂದ ಒಂದೂವರೆ ಮಿಲಿಮೀಟರ್ ಮಾತ್ರ. ಎರಡು ಅಂಗುಲದ, ಅಂದರೆ 5 ಸೆಂಟಿಮೀಟರಿನ ಮಣ್ಣು ಒಂದು ದಿನದ ನೀರನ್ನಷ್ಟೇ ಇಟ್ಟುಕೊಳ್ಳಬಲ್ಲದು. 20 ಸೆಂಟಿಮೀಟರ್ ಇದ್ದರೆ ನಾಲ್ಕೈದು ದಿನಗಳದ್ದು. ಆಳದ ಮಣ್ಣಿನಿಂದ ಹುಲ್ಲಿನ ಬಾಯಾರಿಕೆಯೇನೂ ತಗ್ಗದು; ಆದರೆ ಮೇ ತಿಂಗಳಲ್ಲಿ 25 ಮಿಲಿಮೀಟರ್ ಮಳೆ ಬಿದ್ದಾಗ ತೆಳುಮಣ್ಣು ಅದರ ಕಾಲುಭಾಗವನ್ನು ಹಿಡಿದು ಉಳಿದುದನ್ನು ಚರಂಡಿಗೆ ಕಳುಹಿಸುತ್ತದೆ. ಮರುದಿನವೇ ಮಾಲೀಕನು ಟ್ಯಾಂಕರಿಗೆ ದೂರವಾಣಿ ಮಾಡಬೇಕಾಗುತ್ತದೆ. ಪುಕ್ಕಟೆಯಾಗಿ ಬಂದ ನೀರನ್ನು ಬಿಟ್ಟು ಹಣ ಕೊಟ್ಟು ನೀರು ತರಿಸುವ ಈ ವ್ಯವಹಾರ ಲೆಕ್ಕಪುಸ್ತಕದಲ್ಲಿ ಎದ್ದು ಕಾಣುವುದಿಲ್ಲ. ಟ್ಯಾಂಕರಿನ ಬಿಲ್ಲುಗಳು ‘ಇತರ ವೆಚ್ಚ’ ಎಂಬ ಬಾಬ್ತಿನಡಿ ಸದ್ದಿಲ್ಲದೆ ಸೇರಿಹೋಗುತ್ತವೆ.

ಮಣ್ಣಿನ ಆಳವನ್ನೇ ನಿಯಮವಾಗಿಸಿದ ನಗರಗಳಿವೆ. ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್‌ನಲ್ಲಿ ಹೊಸ ಉದ್ಯಾನಗಳಿಗೆ 6 ಅಂಗುಲ, ಸ್ಯಾನ್ ಆಂಟೋನಿಯೋದಲ್ಲಿ ಹುಲ್ಲುಹಾಸಿಗೆ 4 ಅಂಗುಲ ಮಣ್ಣು ಇರಬೇಕೆಂಬ ನಿಯಮವಿದೆ. ಸುಣ್ಣಕಲ್ಲಿನ ಮೇಲೆ ತೆಳುಮಣ್ಣಿರುವ ಆ ಪ್ರದೇಶದಲ್ಲಿ ನೀರು ಉಳಿತಾಯದ ಕ್ರಮವೆಂದೇ ಇದನ್ನು ಪರಿಗಣಿಸಲಾಗಿದೆ.

ನಮ್ಮಲ್ಲಿಯೂ ಈ ವಿಚಾರ ಅಪರಿಚಿತವಲ್ಲ. ಕೇಂದ್ರ ಸರ್ಕಾರದ 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯನ್ವಯ ದೊಡ್ಡ ಕಟ್ಟಡ ಯೋಜನೆಗಳಿಗೆ ನೀಡುವ ಅನುಮತಿಪತ್ರಗಳಲ್ಲಿ, 20 ಸೆಂಟಿಮೀಟರ್ ಆಳದ ಮೇಲ್ಮಣ್ಣನ್ನು ತೆಗೆದು ಬೇರೆಡೆ ರಾಶಿ ಹಾಕಿ, ಅದೇ ಆವರಣದ ಗಿಡಗಳಿಗೆ ಮರಳಿ ಬಳಸಬೇಕೆಂಬ ಷರತ್ತು ಸಾಮಾನ್ಯವಾಗಿರುತ್ತದೆ. ಅರ್ಧ ಎಕರೆ, ಒಂದು ಎಕರೆಯ ನಿವೇಶನಗಳಲ್ಲಿ ಕಟ್ಟುವವರು ಈ ವ್ಯಾಪ್ತಿಗೆ ಬರುವುದು ವಿರಳ.

ಸಣ್ಣ ಉದ್ದಿಮೆದಾರನಿಗೆ ಮತ್ತೊಂದು ಷರತ್ತೆಂದರೆ ಮತ್ತೊಬ್ಬ ಇನ್ಸ್‌ಪೆಕ್ಟರ್ ಎಂಬ ಭಯ ಸಹಜ, ನಿರಾಧಾರವೂ ಅಲ್ಲ. ಆದರೂ ಒಂದು ಎಕರೆಯಲ್ಲಿ ಕಟ್ಟಡ ಮತ್ತು ರಸ್ತೆಗೆ 2,500 ಚದರ ಮೀಟರ್ ಹೋದರೆ, ಅಲ್ಲಿ 20 ಸೆಂಟಿಮೀಟರ್ ತೆಗೆದಾಗ 500 ಘನಮೀಟರ್ ಮಣ್ಣು ದೊರೆಯುತ್ತದೆ. 600 ಚದರ ಮೀಟರ್ ಹುಲ್ಲುಹಾಸಿಗೆ ಅದೇ ಆಳಕ್ಕೆ ಬೇಕಾದುದು 120 ಘನಮೀಟರ್. ಮಣ್ಣು ಕೊಳ್ಳುವ ಪ್ರಶ್ನೆಯೇ ಇಲ್ಲ. ಮೂಲೆಯಲ್ಲಿ ರಾಶಿ ಹಾಕಿ ಮಳೆಗೆ ಕೊಚ್ಚಿಹೋಗದಂತೆ ಕಾಯ್ದರೆ ಸಾಕು.

ನಿಯಮದ ವಾಕ್ಯರಚನೆಯಲ್ಲಿ ಮಾತ್ರ ಎಚ್ಚರ ಬೇಕು. ‘ಇಷ್ಟು ಅಂಗುಲ ಮಣ್ಣಿರಬೇಕು’ ಎಂದಷ್ಟೇ ಬರೆದರೆ ಮರುವಾರವೇ ಕೆರೆಯಂಗಳದಿಂದ, ರೈತರ ಹೊಲದಿಂದ ಲಾರಿಗಳು ಹೊರಡುತ್ತವೆ. ನಗರದ ಹುಲ್ಲಿಗಾಗಿ ರಾಗಿ ಬೆಳೆಯುವ ನೆಲವನ್ನು ಬರಿದುಮಾಡುವುದು ಯಾವ ಉಳಿತಾಯ? ಆದುದರಿಂದ ನಿವೇಶನದ ಸ್ವಂತ ಮಣ್ಣನ್ನು ಹೊರಗೆ ಸಾಗಿಸಬಾರದೆಂಬುದು ಮೊದಲ ಷರತ್ತಾಗಬೇಕು, ಆಳದ ಮಾತು ಎರಡನೆಯದು. ಪರಿಶೀಲನೆಗೆ ಕಟ್ಟಡದ ಪೂರ್ಣತಾ ಪ್ರಮಾಣಪತ್ರದ ಜೊತೆಗೆ ವಾಸ್ತುಶಿಲ್ಪಿ ಅಥವಾ ಇಂಜಿನಿಯರ್‌ನ ದೃಢೀಕರಣ ಸಾಕು. ಪ್ರತ್ಯೇಕ ತಪಾಸಣೆ ಬೇಡ. ವಾಣಿಜ್ಯ ಸಂಸ್ಥೆಗಳು ಈ ಸ್ವರೂಪದಲ್ಲಿಯೇ ಬೇಡಿಕೆಯನ್ನು ಮುಂದಿಡುವುದು ಮೇಲು. ಸರ್ಕಾರವೇ ಬರೆದು ಹೇರುವ ತನಕ ಕಾದರೆ ಷರತ್ತುಗಳು ಬೇರೆಯೇ ಆಗಿರುತ್ತವೆ.

ಈಗಾಗಲೇ ಕಟ್ಟಿದವರಿಗೆ ಮುಂಗಾರಿಗೆ ಮುನ್ನ ಹುಲ್ಲನ್ನು ಕಿತ್ತು, ಗಟ್ಟಿಪದರವನ್ನು ಒಡೆದು, ಕಾಂಪೋಸ್ಟ್ ಬೆರೆಸಿ ಮತ್ತೆ ಹಾಸುವ ದಾರಿಯುಂಟು. ಅದಕ್ಕೆ ತಗಲುವ ಖರ್ಚನ್ನು ಅಳೆಯಲು, ಈ ವರ್ಷ ಟ್ಯಾಂಕರಿನ ಬಿಲ್ಲುಗಳನ್ನು ಪ್ರತ್ಯೇಕ ಖಾತೆಯಲ್ಲಿ ಬರೆಸುವುದೊಳಿತು.