ಮುಖ ಹೊಸದು, ಮೈ ಯಾವ ಕಾಲದ್ದು?

ದನದ ಸಂತೆಯಲ್ಲಿ ಎತ್ತು ಕೊಳ್ಳುವವರು ಕೊಂಬಿಗೆ ಬಳಿದ ಬಣ್ಣ ನೋಡಿ ಹಣ ಎಣಿಸುವುದಿಲ್ಲ. ಬಾಯಿ ತೆರೆಸಿ ಹಲ್ಲು ನೋಡುತ್ತಾರೆ, ಗೊರಸು ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ. ಇಷ್ಟು ಜಾಣರಾದ ನಮ್ಮ ನವಲಗುಂದ, ಕುಂದಗೋಳ, ಅಣ್ಣಿಗೇರಿ ಕಡೆಯ ಜನ, ಕಡಲೆ ಮೆಣಸಿನಕಾಯಿ ಮಾರಿದ ರೊಕ್ಕ ಕಟ್ಟಿಕೊಂಡು ಹುಬ್ಬಳ್ಳಿಯ ಕಾರಿನ ಮಳಿಗೆಗೆ ಹೋದಾಗ ಮಾತ್ರ ಹೊಳೆಯುವ ದೀಪಗಳಿಗೆ ಮರುಳಾಗುವುದುಂಟು.

ಒಂದು ಕಾರು ಮಾರುಕಟ್ಟೆಗೆ ಬಂದು ಕೆಲವು ವರ್ಷ ಕಳೆದ ಮೇಲೆ ಕಂಪನಿಯವರು ಅದರ ಮುಂದಿನ ಜಾಲರಿ, ದೀಪ, ಬಂಪರುಗಳನ್ನು ಬದಲಿಸಿ ಮತ್ತೆ ಜಾಹೀರಾತು ಮಾಡುತ್ತಾರೆ. ಇದಕ್ಕೆ ‘ಫೇಸ್‌ಲಿಫ್ಟ್’ ಎಂದು ಹೆಸರು. ಇದರಲ್ಲಿ ಮೋಸವೇನೂ ಇಲ್ಲ. ಆದರೆ ಹೆಚ್ಚಿಗೆ ಕೇಳುವ ಹಣ ಯಾವ ಬದಲಾವಣೆಗೆ ಎಂಬುದನ್ನು ಕೊಳ್ಳುವವರು ಕೇಳಲೇಬೇಕು.

ಟಾಟಾ ಟಿಯಾಗೊ ಕಾರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 2016ರಲ್ಲಿ ಬಂದ ಈ ಕಾರಿಗೆ 2020ರ ಜನವರಿಯಲ್ಲಿ ಹೊಸ ಮುಖ ಬಂತು. ಉದ್ದ 3746 ಮಿ.ಮೀ. ಇದ್ದದ್ದು 3765 ಆಯಿತು. ಆದರೆ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಅಂತರ ಮೊದಲಿನಂತೆ 2400 ಮಿ.ಮೀ., ಪೆಟ್ರೋಲ್ ಎಂಜಿನ್ ಮೊದಲಿನಂತೆ 1199 ಸಿ.ಸಿ. ಹೆಚ್ಚಿದ 19 ಮಿ.ಮೀ. ಬಂಪರಿನ ಪಾಲು, ಹಿಂದೆ ಕೂಡುವವರ ಮೊಣಕಾಲಿಗೆ ಅದರಿಂದ ಲಾಭವಿಲ್ಲ. ಒಳಗಿನ ದೊಡ್ಡ ಬದಲಾವಣೆ ಎಂದರೆ ಎಂಜಿನ್ನು ಬಿ.ಎಸ್. 6 ಹೊಗೆ ನಿಯಮಕ್ಕೆ ಹೊಂದಿಕೊಂಡದ್ದು. ಅದು 2020ರ ಏಪ್ರಿಲ್ 1ರಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದ ನಿಯಮ.

ಅದೇ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಟಿಯಾಗೊಗೆ ದೊಡ್ಡವರ ರಕ್ಷಣೆಯಲ್ಲಿ ನಾಲ್ಕು ನಕ್ಷತ್ರ, ಮಕ್ಕಳ ರಕ್ಷಣೆಯಲ್ಲಿ ಮೂರು ನಕ್ಷತ್ರ ಕೊಟ್ಟಿತು. ಇಲ್ಲಿ ಪಾಲಕರು ಗಮನಿಸಬೇಕಾದ ಮಾತೊಂದಿದೆ. ಪರೀಕ್ಷೆಗೆ ಒಳಗಾದ ಕಾರಿನಲ್ಲಿ ಎರಡು ಏರ್‌ಬ್ಯಾಗ್ ಇದ್ದವು. ಆರಂಭದ ವರ್ಷಗಳಲ್ಲಿ ಎಲ್ಲ ದರ್ಜೆಯ ಟಿಯಾಗೊಗಳಿಗೂ ಅವು ಬರುತ್ತಿರಲಿಲ್ಲ. ಆದ್ದರಿಂದ ಹಳೆಯ ಕಾರನ್ನು ಅಗ್ಗಕ್ಕೆ ಕೊಳ್ಳುವವರು ಹೆಸರು ಕೇಳಿ ನಕ್ಷತ್ರ ಎಣಿಸಬಾರದು. ತಾವು ಕೊಳ್ಳುವ ಆ ಗಾಡಿಯಲ್ಲಿ ಏನಿದೆ ಎಂದು ನೋಡಬೇಕು. ಏರ್‌ಬ್ಯಾಗ್ ಚಾಲಕನಿಗೆ ಕಡ್ಡಾಯವಾದದ್ದು 2019ರ ಜುಲೈಯಲ್ಲಿ, ಪಕ್ಕದವರಿಗೂ ಎಲ್ಲ ಹೊಸ ಕಾರುಗಳಲ್ಲಿ ಕಡ್ಡಾಯವಾದದ್ದು 2021ರ ಕೊನೆಯ ಹೊತ್ತಿಗೆ.

ಆ ಪರೀಕ್ಷೆಯ ವೇಗ ಗಂಟೆಗೆ 64 ಕಿ.ಮೀ. ವಿದ್ಯಾರ್ಥಿಗಳೇ, ಇದನ್ನು ಸೆಕೆಂಡಿಗೆ ಮೀಟರುಗಳಲ್ಲಿ ಬರೆದರೆ ಸುಮಾರು 17.8. ಇದರ ವರ್ಗವನ್ನು ಗುರುತ್ವ ವೇಗೋತ್ಕರ್ಷದ ಎರಡರಷ್ಟರಿಂದ, ಅಂದರೆ 19.6ರಿಂದ, ಭಾಗಿಸಿ. ಉತ್ತರ 16 ಮೀಟರ್. 64ರ ವೇಗದಲ್ಲಿ ಗೋಡೆಗೆ ಗುದ್ದುವುದೆಂದರೆ ಐದು ಅಂತಸ್ತಿನ ಮನೆಯ ಮೇಲಿಂದ ಬಿದ್ದಂತೆ! ವೇಗ 80 ಆದರೆ ಆ ಎತ್ತರ 25 ಮೀಟರ್. ನವಲಗುಂದ, ಕಲಘಟಗಿಗಳ ಮೇಲೆ ಹೋಗುವ 52ನೇ ಹೆದ್ದಾರಿಯಲ್ಲಿ, ಅಣ್ಣಿಗೇರಿಯ 67ನೇ ಹೆದ್ದಾರಿಯಲ್ಲಿ 80 ಏನು ದೊಡ್ಡ ವೇಗವಲ್ಲ. ಆಗ ಕಾಯುವುದು ಗಟ್ಟಿಯಾದ ಚೌಕಟ್ಟು, ಸೀಟ್ ಬೆಲ್ಟು, ಏರ್‌ಬ್ಯಾಗ್. ಹೊಸ ಜಾಲರಿ ಅಲ್ಲ.

ಈಗ ಹಣದ ಲೆಕ್ಕ. ಹೊಸ ಮುಖದ ಕಾರಿಗೆ 60,000 ರೂಪಾಯಿ ಹೆಚ್ಚು, ಆದರೆ ಲೀಟರಿಗೆ 18ರ ಬದಲು 19 ಕಿ.ಮೀ. ಓಡುತ್ತದೆ ಎಂದು ಮಾರುವವರು ಹೇಳಿದರು ಎನ್ನಿ. ಐದರಿಂದ ಹತ್ತು ಲಕ್ಷದ ಕಾರಿಗೆ ನಮ್ಮ ರಾಜ್ಯದಲ್ಲಿ ಆಜೀವ ರಸ್ತೆ ತೆರಿಗೆ ಶೇ 14. ಹೆಚ್ಚಿನ ಹಣಕ್ಕೂ ಅದು ಬೀಳುತ್ತದೆ. ಅಲ್ಲಿಗೆ 68,400. ಸೆಸ್ಸು, ಸಾಲದ ಬಡ್ಡಿ ಬೇರೆ. ತಿಂಗಳಿಗೆ 600 ಕಿ.ಮೀ. ಓಡಿಸಿದರೆ ಉಳಿಯುವ ಪೆಟ್ರೋಲು ಒಂದೂಮುಕ್ಕಾಲು ಲೀಟರು. ಲೀಟರಿಗೆ ನೂರು ರೂಪಾಯಿ ಹಿಡಿದರೆ 175 ರೂಪಾಯಿ. ಕೊಟ್ಟ ಹಣ ತಿರುಗಿ ಬರಲು ಮೂವತ್ತೆರಡು ವರ್ಷಕ್ಕೂ ಮಿಕ್ಕಿ ಬೇಕು. ಇಂದು ಹತ್ತನೆಯ ತರಗತಿಯಲ್ಲಿರುವ ಮಗನಿಗೆ ಆಗ ಐವತ್ತು ಹತ್ತಿರವಾಗಿರುತ್ತದೆ.

‘ಹೊಸ ಮಾದರಿ, ಹಳೆಯ ಬೆಲೆ’ ಎಂಬ ಮಾತನ್ನೂ ತೂಗಿ ನೋಡಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ತೆರಿಗೆ ಸೆಸ್ ಸೇರಿ ಶೇ 29 ಇದ್ದದ್ದು ಶೇ 18ಕ್ಕೆ ಇಳಿಯಿತು. ಮೊದಲು 6.45 ಲಕ್ಷವಿದ್ದ ಕಾರು 5.90 ಲಕ್ಷಕ್ಕೆ ಬರಬೇಕು. ಮುಖ ಬದಲಿಸಿ ಅದೇ 6.45 ಲಕ್ಷ ಕೇಳಿದರೆ ಬೆಲೆ 55,000 ಏರಿದೆ ಎಂದೇ ಅರ್ಥ.

ನಮ್ಮ ಎರಿ ಭೂಮಿ ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಅದರ ಮೇಲಿನ ರಸ್ತೆಯೂ ಅಲೆಯಂತೆ ಏಳುತ್ತದೆ, ಕುಸಿಯುತ್ತದೆ. ಆದ್ದರಿಂದ ಮಳಿಗೆಗೆ ಹೋಗುವಾಗ ಮಕ್ಕಳ ಸ್ಕೇಲು ಜೊತೆಗಿರಲಿ. ಐದು ಜನ ಕೂತ ಮೇಲೆ ಕಾರಿನ ಹೊಟ್ಟೆ ನೆಲದಿಂದ ಎಷ್ಟು ಎತ್ತರವಿದೆ, ಅಳೆಯಿರಿ. ಖಾಲಿ ಕಾರಿನ ಅಳತೆ ನಮಗೆ ಸಾಲದು. ಟಾಯರಿನ ಮೇಲಿನ ಅಂಕಿಯನ್ನೂ ಓದಿ. 175/65 ಎಂದಿದ್ದರೆ ಟಾಯರಿನ ಪಕ್ಕದ ಎತ್ತರ 175ರ ಶೇ 65, ಅಂದರೆ ಸುಮಾರು 114 ಮಿ.ಮೀ. 175/60 ಇದ್ದರೆ 105. ಹೊಸ ಮುಖದ ಜೊತೆ ಬರುವ ದೊಡ್ಡ ಗಾಲಿ ಚೆಂದವೇನೋ ಹೌದು, ಆದರೆ ರಬ್ಬರಿನ ಮೆತ್ತೆ 9 ಮಿ.ಮೀ. ಕಡಿಮೆ. ತಗ್ಗಿಗೆ ಬಿದ್ದಾಗ ಪೆಟ್ಟು ರಿಮ್ಮಿಗೆ.

ಒಂದು ಹಾಳೆಯ ನಡುವೆ ಗೆರೆ ಎಳೆದು ಎಡಗಡೆ ಕಣ್ಣಿಗೆ ಕಾಣುವ ಬದಲಾವಣೆ, ಬಲಗಡೆ ಜೀವ ಕಾಯುವ ಮತ್ತು ಖರ್ಚು ತಗ್ಗಿಸುವ ಬದಲಾವಣೆ ಬರೆಯಿರಿ. ಈ ಕೆಲಸ ಮಕ್ಕಳಿಗೆ ಬಿಡಿ, ಚೆನ್ನಾಗಿ ಮಾಡುತ್ತಾರೆ. ಬಲಗಡೆ ಹೆಚ್ಚಿನ ಏರ್‌ಬ್ಯಾಗ್, ಹಿಂದಿನ ಮೂವರಿಗೂ ಸರಿಯಾದ ಬೆಲ್ಟು, ಪರೀಕ್ಷೆಯಲ್ಲಿ ಹೆಚ್ಚಿನ ನಕ್ಷತ್ರ ಬಂದಿದ್ದರೆ ಚೌಕಾಸಿ ಮಾಡಿಯಾದರೂ ಹೊಸದನ್ನೇ ಕೊಳ್ಳಿ. ಎಡಗಡೆ ಮಾತ್ರ ತುಂಬಿದ್ದರೆ, ಅಂಗಳದಲ್ಲಿ ಉಳಿದಿರುವ ಹಳೆಯ ಮುಖದ ಹೊಸ ಕಾರಿಗೆ ಎಷ್ಟು ರಿಯಾಯಿತಿ ಎಂದು ಕೇಳಿ. ಉಳಿದ ಹಣ ಮಗಳ ಕಾಲೇಜಿನ ಫೀಗಾದೀತು.